ವಿದ್ಯಾರ್ಥಿಗಳ ದನಿ ಮತ್ತು ನಮ್ಮ ಅಂಜಿಕೆ

ಕಳೆದ ವಾರ ಸಂಜೆ ನೆಟ್ಟಣದ ತಂದೆಯೊಬ್ಬರು ನಮ್ಮನ್ನು ಕಾಣಲು ಬಂದರು. ಅವರ ಮಗಳು ಪದವಿ ತರಗತಿಯ ವಿದ್ಯಾರ್ಥಿನಿ. ಒಂದು ವಿಷಯದ ಆಂತರಿಕ ಅಂಕಗಳು ಅಂಕಪಟ್ಟಿಗೆ ಸೇರದೆ ಹೋದುದರಿಂದ ಆಕೆಯೂ ಆಕೆಯ ಸಹಪಾಠಿಗಳನೇಕರೂ ಅನುತ್ತೀರ್ಣರೆಂದು ನಮೂದಾಗಿ ತಿಂಗಳುಗಳೇ ಕಳೆದಿವೆ. ಕಾಲೇಜಿನಲ್ಲಿ ಕೇಳಿದರೆ ವಿಶ್ವವಿದ್ಯಾನಿಲಯದ ಕಡೆಗೆ ಕೈತೋರಿಸುತ್ತಾರೆ. ಅಲ್ಲಿ ಕೇಳಿದರೆ ಕಾಲೇಜಿನ ಕಡೆಗೆ. ಬೇಸತ್ತ ವಿದ್ಯಾರ್ಥಿಗಳು ಕೊನೆಗೊಂದು ಅರ್ಜಿ ಬರೆದು ಸಹಿ ಸಂಗ್ರಹಿಸಿದ್ದಾರೆ. ಆ ಪಟ್ಟಿಯಲ್ಲಿ ಮಗಳ ಹೆಸರು ಮೂರನೆಯದು. "ಫಾದರ್, ನೀವೊಂದು ಮಾತು ಹೇಳಿ ಅವಳ ಹೆಸರು ತೆಗೆಸಬೇಕು. ನಾವು ಕಳುಹಿಸಿದ್ದು ಓದಲಿಕ್ಕೆ, ಸಂಘ ಕಟ್ಟಲಿಕ್ಕಲ್ಲ" ಎಂಬುದು ಅವರ ಬೇಡಿಕೆ.

ಆ ತಂದೆಯ ಭಯವನ್ನು ನಾವು ಹಗುರವಾಗಿ ಕಾಣಲಾರೆವು. ನಸುಕಿನಲ್ಲಿ ರಬ್ಬರ್ ಮರಗಳಿಗೆ ಕತ್ತಿ ಹಾಕಿ, ಅಡಿಕೆಗೆ ಕೊಳೆರೋಗ ಬಾರದಿರಲೆಂದು ಮಳೆಗಾಲವಿಡೀ ಪ್ರಾರ್ಥಿಸಿ, ಮಕ್ಕಳನ್ನು ಸುಬ್ರಹ್ಮಣ್ಯಕ್ಕೋ ಕಡಬಕ್ಕೋ ಪುತ್ತೂರಿಗೋ ಬಸ್ಸು ಹತ್ತಿಸುವ ಕುಟುಂಬಗಳು ನಮ್ಮವು. ವಿದ್ಯಾರ್ಥಿ ಸಂಘ ಎಂದೊಡನೆ ಹಿರಿಯರ ಕಣ್ಣ ಮುಂದೆ ಬರುವುದು ಬಂದ್, ಕಲ್ಲೇಟು, ಪೊಲೀಸ್ ಠಾಣೆ. ಇದು ಬರಿಯ ಕಲ್ಪನೆಯೂ ಅಲ್ಲ. ಕಾಲೇಜು ಚುನಾವಣೆಗಳಲ್ಲಿ ಹಿಂಸೆ ಹೆಚ್ಚಿತೆಂಬ ಕಾರಣಕ್ಕಾಗಿಯೇ 1989-90ರ ಸುಮಾರಿಗೆ ಕರ್ನಾಟಕದಲ್ಲಿ ಅವುಗಳನ್ನು ನಿಲ್ಲಿಸಲಾಯಿತು.

ಇಲ್ಲೊಂದು ವಿಪರ್ಯಾಸವಿದೆ. ಸಂವಿಧಾನದ 61ನೆಯ ತಿದ್ದುಪಡಿಯಿಂದ ಮತದಾನದ ವಯಸ್ಸು 21ರಿಂದ 18ಕ್ಕೆ ಇಳಿದುದು 1989ರ ಮಾರ್ಚ್ 28ರಂದು. ದೇಶದ ಪ್ರಧಾನಿಯನ್ನು ನಿರ್ಧರಿಸುವ ಮತ ಹದಿನೆಂಟರ ಯುವಕನ ಕೈಗೆ ಬಂದ ಕಾಲದಲ್ಲಿಯೇ, ತನ್ನ ಕಾಲೇಜಿನ ಸಂಘದ ಅಧ್ಯಕ್ಷನನ್ನು ಆರಿಸುವ ಮತ ಅವನ ಕೈಯಿಂದ ಜಾರಿತು. ಕಾಯಿಲೆಯಿತ್ತು, ನಿಜ; ಆದರೆ ಆ ಔಷಧ ಕಾಯಿಲೆಯ ಜೊತೆಗೆ ನಾಲಗೆಯನ್ನೂ ತೆಗೆದುಕೊಂಡು ಹೋಯಿತೆಂದು ನಮ್ಮ ಅಭಿಪ್ರಾಯ.

ಸಂಘಗಳೇನೋ ಉಳಿದವು. ಅನೇಕ ಕಾಲೇಜುಗಳಲ್ಲಿ ತರಗತಿ ಪ್ರತಿನಿಧಿಗಳಿದ್ದಾರೆ. ಕೆಲವೆಡೆ ತರಗತಿಯೊಳಗೆ ಮತದಾನವೂ ನಡೆಯುತ್ತದೆ. ಕ್ಷೇಮಪಾಲನಾಧಿಕಾರಿಗಳ ಮಾರ್ಗದರ್ಶನದಲ್ಲಿ ಪ್ರಮಾಣವಚನ ಸ್ವೀಕಾರವಾಗುತ್ತದೆ, ಛಾಯಾಚಿತ್ರ ಪತ್ರಿಕೆಗೆ ಬರುತ್ತದೆ. ಅಲ್ಲಿಂದ ಮುಂದೆ ಕ್ರೀಡಾಕೂಟ, ಪ್ರತಿಭಾ ದಿನಾಚರಣೆ, ವಾರ್ಷಿಕೋತ್ಸವ. ಇವು ಬೇಡವೆನ್ನುವುದಿಲ್ಲ. ಆದರೆ ಗ್ರಂಥಾಲಯ ಎಷ್ಟು ಹೊತ್ತು ತೆರೆದಿರಬೇಕು, ಮರುಮೌಲ್ಯಮಾಪನದ ಫಲಿತಾಂಶ ಎಂದು ಬರಬೇಕು, ಕೊನೆಯ ಅವಧಿ ಮುಗಿಸಿದ ಹುಡುಗಿ ಹಳ್ಳಿಯ ಬಸ್ಸಿಗೆ ತಲಪುವಂತೆ ವೇಳಾಪಟ್ಟಿ ಇದೆಯೇ ಎಂಬ ವಿಷಯಗಳು ಸಂಘದ ಸಭೆಯಲ್ಲಿ ಚರ್ಚೆಯಾಗುವುದು ಅಪರೂಪ.

ಪಠ್ಯಕ್ರಮದ ಮಾತಂತೂ ಇನ್ನೂ ದೂರ. 2021-22ರಲ್ಲಿ ರಾಷ್ಟ್ರೀಯ ಶಿಕ್ಷಣ ನೀತಿಯಂತೆ ನಾಲ್ಕು ವರ್ಷಗಳ ಪದವಿ ನಮ್ಮ ರಾಜ್ಯಕ್ಕೆ ಬಂತು. 2024ರ ಮೇ ತಿಂಗಳ ಸರಕಾರಿ ಆದೇಶದಿಂದ ಮತ್ತೆ ಮೂರು ವರ್ಷಗಳ ಪದವಿ ಬಂತು. ಒಂದೇ ಮನೆಯ ಅಣ್ಣ ಒಂದು ಪದ್ಧತಿಯಲ್ಲಿ, ತಂಗಿ ಇನ್ನೊಂದರಲ್ಲಿ. ಯಾವುದು ಉತ್ತಮವೆಂಬ ವಾದ ಬೇರೆ. ಬಂದಾಗಲಾಗಲಿ ಹೋದಾಗಲಾಗಲಿ ನಿನಗೇನನ್ನಿಸುತ್ತದೆ ಎಂದು ನಮ್ಮ ಧರ್ಮಕೇಂದ್ರದ ಮಕ್ಕಳನ್ನು ಯಾರೂ ಕೇಳಿದಂತೆ ಕಾಣುವುದಿಲ್ಲ.

ಕೇಳುವುದು ಪಾಶ್ಚಾತ್ಯರ ಹೊಸ ಚಪಲವೆಂದು ಕೆಲವರು ತಿಳಿದಿದ್ದಾರೆ. ಯೂನಿವರ್ಸಿಟಿ ಎಂಬ ಪದದ ಮೂಲವಾದ ಲತೀನ್ ಪದಕ್ಕೆ ಸಂಘ ಎಂದೇ ಅರ್ಥ. ಮಧ್ಯಯುಗದ ಬೊಲೊನ್ಯದಲ್ಲಿ ಆ ಸಂಘ ವಿದ್ಯಾರ್ಥಿಗಳದ್ದಾಗಿತ್ತು. ಅದರ ರೆಕ್ಟರನೂ ವಿದ್ಯಾರ್ಥಿಯೇ. ತಡವಾಗಿ ಬಂದ, ಕಠಿಣ ಭಾಗಗಳನ್ನು ಹಾರಿಸಿದ ಅಧ್ಯಾಪಕರಿಗೆ ಅವರು ದಂಡ ವಿಧಿಸುತ್ತಿದ್ದರು. (ನಮ್ಮ ಅಧ್ಯಾಪಕ ಮಿತ್ರರು ಗಾಬರಿಯಾಗಬೇಕಿಲ್ಲ, ಅಷ್ಟು ದೂರ ಹೋಗುವ ಸಲಹೆ ನಮ್ಮದಲ್ಲ.) ಪ್ಯಾರಿಸಿನಲ್ಲಿ ಅಧಿಕಾರ ಗುರುಗಳ ಕೈಯಲ್ಲಿತ್ತು. ಆದರೂ ಆಗಮನ ಕಾಲದಲ್ಲಿ ಮತ್ತು ತಪಸ್ಸು ಕಾಲದಲ್ಲಿ ಬಹಿರಂಗ ವಾದಸಭೆ ಸೇರಿ, ಯಾರು ಬೇಕಾದರೂ ಯಾವ ವಿಷಯದ ಮೇಲೆ ಬೇಕಾದರೂ ಗುರುವನ್ನು ಪ್ರಶ್ನಿಸಬಹುದಿತ್ತು. ಸಂತ ತೋಮಸ್ ಅಕ್ವಿನಾಸರು ಅಂಥ ಸಭೆಗಳಲ್ಲಿ ನಿಂತು ಉತ್ತರಿಸಿದವರು. ಅವರ ಗ್ರಂಥಗಳನ್ನು ಸೆಮಿನರಿಯಲ್ಲಿ ಓದಿದ ನಾವು, ಅವರೆದುರಿಗಿದ್ದ ಆ ಹೆಸರಿಲ್ಲದ ಪ್ರಶ್ನೆಗಾರರನ್ನು ನೆನೆದದ್ದು ಬಹಳ ತಡವಾಗಿ. ಇನ್ನು ಹನ್ನೆರಡರ ಬಾಲಯೇಸು ದೇವಾಲಯದಲ್ಲಿ ಬೋಧಕರ ನಡುವೆ ಕುಳಿತು ಆಲಿಸುತ್ತಲೂ ಪ್ರಶ್ನಿಸುತ್ತಲೂ ಇದ್ದುದನ್ನು ಸಂತ ಲೂಕರು ಬರೆದಿದ್ದಾರೆ. ಹುಡುಕಿಕೊಂಡು ಬಂದ ತಂದೆತಾಯಿಯರಿಗೆ ಅಂದೂ ಆತಂಕವಿತ್ತು.

ಚುನಾವಣೆಗಳನ್ನು ಮರಳಿ ತರುವ ಮಾತು 2025ರಲ್ಲಿ ರಾಜ್ಯದ ರಾಜಕೀಯ ವಲಯದಲ್ಲಿ ಎದ್ದಿತು. ತರುವುದಾದರೆ ಲಿಂಗ್ಡೋ ಸಮಿತಿಯ ನಿಯಮಗಳು ಎದುರಿಗಿವೆ. 2006ರ ಸೆಪ್ಟೆಂಬರಿನಲ್ಲಿ ಸುಪ್ರೀಂ ಕೋರ್ಟು ಅವನ್ನು ಜಾರಿಗೊಳಿಸುವಂತೆ ಆದೇಶಿಸಿದೆ. ಅಭ್ಯರ್ಥಿಯ ವೆಚ್ಚ 5,000 ರೂಪಾಯಿ ಮೀರಬಾರದು, ಮುದ್ರಿತ ಭಿತ್ತಿಪತ್ರ ಕೂಡದು, ಹಾಜರಾತಿ ಶೇಕಡಾ 75 ಇರಬೇಕು, ಚುನಾವಣೆ ರಾಜಕೀಯ ಪಕ್ಷಗಳಿಂದ ದೂರವಿರಬೇಕು. ಕೊನೆಯ ನಿಯಮವೇ ಅತ್ಯಂತ ದುರ್ಬಲವಾದುದೆಂಬ ಸಂದೇಹ ನಮಗಿದೆ. ಪಕ್ಷಗಳ ಧ್ವಜ ಹಿಡಿಯುವ ಸಂಘ, ಆ ಪಕ್ಷದ ಸರಕಾರ ತಪ್ಪಿದಾಗ ಬಾಯಿ ತೆರೆಯಲಾರದು.

ಚುನಾವಣೆ ಬರಲಿ, ಬಾರದಿರಲಿ, ಇಂದೇ ತೆರೆದಿರುವ ಬಾಗಿಲುಗಳಿವೆ. ವಿಶ್ವವಿದ್ಯಾನಿಲಯ ಧನಸಹಾಯ ಆಯೋಗದ 2023ರ ನಿಯಮಾವಳಿಯಂತೆ ಪ್ರತಿಯೊಂದು ವಿದ್ಯಾಸಂಸ್ಥೆಯಲ್ಲೂ ವಿದ್ಯಾರ್ಥಿಗಳ ಕುಂದುಕೊರತೆ ನಿವಾರಣಾ ಸಮಿತಿ ಇರಬೇಕು. ವಿದ್ಯಾರ್ಥಿ ಪ್ರತಿನಿಧಿಯೊಬ್ಬರು ಅದರ ವಿಶೇಷ ಆಹ್ವಾನಿತರು. ಫಲಿತಾಂಶದ ವಿಳಂಬ, ಮೌಲ್ಯಮಾಪನದ ಅನ್ಯಾಯ, ಶುಲ್ಕ ಮರುಪಾವತಿ ಇವೆಲ್ಲ ಅದರ ವ್ಯಾಪ್ತಿಗೆ ಬರುತ್ತವೆ. ದೂರು ತಲಪಿದ 15 ಕೆಲಸದ ದಿನಗಳಲ್ಲಿ ಸಮಿತಿ ವರದಿ ಕೊಡಬೇಕು. ತೃಪ್ತಿಯಾಗದಿದ್ದರೆ ವಿಶ್ವವಿದ್ಯಾನಿಲಯದ ಲೋಕಪಾಲರಿಗೆ ಮೇಲ್ಮನವಿ ಸಲ್ಲಿಸಬಹುದು. ನ್ಯಾಕ್ ಮಾನ್ಯತೆಗಾಗಿ ರಚಿಸುವ ಆಂತರಿಕ ಗುಣಮಟ್ಟ ಕೋಶದಲ್ಲಿಯೂ ವಿದ್ಯಾರ್ಥಿಗಳಿಗೆ ಸ್ಥಾನವಿದೆ. ಆ ಕುರ್ಚಿಯಲ್ಲಿ ಕುಳಿತವರು ಚಹಾ ಕುಡಿದು ಸಹಿ ಹಾಕಿ ಏಳದಿದ್ದರೆ ಸಾಕು.

ಕಥೋಲಿಕ ಆಡಳಿತದ ಕಾಲೇಜುಗಳು ಇದರಲ್ಲಿ ಮುಂದಾಗಬೇಕೆಂದು ನಾವು ಬಯಸುತ್ತೇವೆ. ಧರ್ಮಸಭೆಯ ಕಾನೂನಿನ 212ನೆಯ ವಿಧಿ, ಸಭೆಯ ಹಿತದ ವಿಷಯದಲ್ಲಿ ತಮ್ಮ ಅಭಿಪ್ರಾಯವನ್ನು ಪಾಲಕರಿಗೆ ತಿಳಿಸುವುದು ವಿಶ್ವಾಸಿಗಳ ಹಕ್ಕು, ಕೆಲವೊಮ್ಮೆ ಕರ್ತವ್ಯವೂ ಹೌದೆನ್ನುತ್ತದೆ. ಧರ್ಮಾಧ್ಯಕ್ಷರಿಗೇ ಹೇಳಬಹುದಾದರೆ ಪ್ರಾಂಶುಪಾಲರಿಗೆ ಹೇಳಬಾರದೇಕೆ? ಧರ್ಮಗುರುಗಳಿಗೂ ಹೇಳಬಹುದು, ನಮ್ಮ ಪಾಲನಾ ಪರಿಷತ್ತಿನಲ್ಲಿ ಯುವಜನರು ಬಾಯಿ ತೆರೆದ ಸಭೆಗಳನ್ನು ಬೆರಳಲ್ಲಿ ಎಣಿಸಬಹುದೆಂಬುದನ್ನು ನಾವು ಸಂಕೋಚದಿಂದಲೇ ಒಪ್ಪುತ್ತೇವೆ.

ಆ ತಂದೆಗೆ ಅಂದು ನಾವು ಪೂರ್ಣ ಉತ್ತರ ಕೊಡಲಿಲ್ಲ. ಅರ್ಜಿಯ ಪ್ರತಿಯನ್ನು ಮಾತ್ರ ತರಿಸಿ ಓದಿದೆವು. ಒಂದೂವರೆ ಪುಟ, ವಿನಯದ ಭಾಷೆ, ಎರಡು ಕಾಗುಣಿತ ದೋಷ, ನೋಂದಣಿ ಸಂಖ್ಯೆಗಳೆಲ್ಲ ಸರಿಯಾಗಿವೆ. ಕುಂದುಕೊರತೆ ಸಮಿತಿಯ ವಿಳಾಸ ಮಾತ್ರ ಇರಲಿಲ್ಲ. ಅದನ್ನು ಸೇರಿಸುವಂತೆ ಮಗಳಿಗೆ ಹೇಳಿ ಕಳುಹಿಸಿದ್ದೇವೆ. ಬರುವ ಭಾನುವಾರ ಬಲಿಪೂಜೆಯ ನಂತರ ಅವರ ಮನೆಗೆ ಹೋಗಲಿದ್ದೇವೆ. ಹೆಸರು ತೆಗೆಸುವುದಕ್ಕಲ್ಲ.