ಬಾಣಂತನ ಮುಗಿದ ಮೇಲೂ ಉಳಿವ ಬೇನೆ

ಬಾಣಂತನಕ್ಕೆ ನಮ್ಮ ಮನೆಗಳಲ್ಲಿ ಒಂದು ಲೆಕ್ಕವುಂಟು. ತವರಿನಲ್ಲಿ ಮೂರು ತಿಂಗಳೋ ಐದು ತಿಂಗಳೋ ಎಣ್ಣೆನೀರು, ಕಷಾಯ, ಅಗ್ಗಿಷ್ಟಿಕೆಯ ಕಾವು. ಅನಂತರ ತೊಟ್ಟಿಲೊಡನೆ ಗಂಡನ ಮನೆಗೆ ಪಯಣ. ಅಲ್ಲಿಗೆ ತಾಯಿಯ ಆರೈಕೆ ಮುಗಿಯಿತೆಂದೇ ಎಲ್ಲರ ಭಾವನೆ. ಮನಸ್ಸಿನ ಬೇನೆ ಈ ಲೆಕ್ಕವನ್ನು ಅರಿಯದು. ಹೆರಿಗೆಯ ತರುವಾಯ ಬರುವ ಖಿನ್ನತೆಯು ಮಗು ಶಾಲೆಯ ಮೆಟ್ಟಿಲು ಹತ್ತಿದ ಮೇಲೂ ಉಳಿಯಬಲ್ಲುದೇ ಎಂದು ಕೆಲವು ಗೃಹಿಣಿಯರು ಕೇಳುತ್ತಾರೆ. ಉಳಿಯಬಲ್ಲುದು ಎಂಬುದೇ ಉತ್ತರ.

ಹೆತ್ತ ಕೆಲವೇ ದಿನಗಳಲ್ಲಿ ಕಾರಣವಿಲ್ಲದೆ ಕಣ್ಣೀರು ಬರುವುದು ಬಹುಮಂದಿ ತಾಯಂದಿರಿಗೆ ಸಹಜ. ಸುಮಾರು ಎರಡು ವಾರಗಳಲ್ಲಿ ಅದು ತಾನಾಗಿ ಅಡಗುತ್ತದೆ. ಹಿರಿಯರು ಬಾಣಂತಿ ಸನ್ನಿ ಎನ್ನುತ್ತಿದ್ದ, ಇಲ್ಲದ್ದು ಕಾಣುವ, ಇಲ್ಲದ ದನಿ ಕೇಳುವ ಸ್ಥಿತಿ ಬೇರೆ. ಅದು ವಿರಳ, ಆದರೆ ಕಂಡ ದಿನವೇ ಆಸ್ಪತ್ರೆಗೆ ಒಯ್ಯತಕ್ಕದ್ದು. ಖಿನ್ನತೆಯು ಇವೆರಡೂ ಅಲ್ಲ. ಅದು ಸದ್ದು ಮಾಡುವುದಿಲ್ಲವಾದ್ದರಿಂದ ಮನೆಯವರ ಗಮನಕ್ಕೆ ಬರುವುದೇ ಇಲ್ಲ.

ನೆರೆಯ ಗೋವೆಯಲ್ಲಿ ವೈದ್ಯ ವಿಕ್ರಮ್ ಪಟೇಲ್ ಮತ್ತು ಸಂಗಡಿಗರು ನಡೆಸಿ 2002ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಹೆರಿಗೆಯಾದ 6ರಿಂದ 8 ವಾರಗಳಲ್ಲಿ ಶೇಕಡಾ 23ರಷ್ಟು ತಾಯಂದಿರಿಗೆ ಖಿನ್ನತೆಯಿತ್ತು. ಅವರಲ್ಲಿ ಅರ್ಧಕ್ಕೂ ಹೆಚ್ಚು ಮಂದಿ ಆರು ತಿಂಗಳಾದರೂ ಗುಣವಾಗಿರಲಿಲ್ಲ. ಬಹುಪಾಲು ಜನರ ಮನಸ್ಸು ಬಸಿರಿನಲ್ಲಿಯೇ ಕುಗ್ಗಿತ್ತು. ಬಡತನ ಮತ್ತು ದಾಂಪತ್ಯದ ವಿರಸ ಬೇನೆಯನ್ನು ತಂದವು, ಬೆಳೆಸಿದವು. ಹುಟ್ಟಿದ ಮಗು ಹೆಣ್ಣೆಂಬುದೂ ಕಾರಣಗಳಲ್ಲೊಂದಾಗಿತ್ತು! ಹೆಣ್ಣು ಕೂಸನ್ನು ಕಂಡು ಮೋರೆ ತಿರುಗಿಸುವವರು ಈ ಮಾತನ್ನು ಎರಡು ಸಲ ಓದಲಿ.

ಇನ್ನೂ ದೀರ್ಘಕಾಲ ನೋಡಿದವರೂ ಉಂಟು. ಅಮೆರಿಕೆಯ ನ್ಯೂಯಾರ್ಕ್ ರಾಜ್ಯದಲ್ಲಿ ಸುಮಾರು 5,000 ತಾಯಂದಿರನ್ನು ಮೂರು ವರ್ಷ ಗಮನಿಸಿದ ಅಧ್ಯಯನವೊಂದು 2020ರಲ್ಲಿ ಹೊರಬಂದಿತು. ಆ ಅವಧಿಯಲ್ಲಿ ನಾಲ್ವರಲ್ಲಿ ಒಬ್ಬರಿಗೆ ಯಾವುದಾದರೊಂದು ಹಂತದಲ್ಲಿ ಖಿನ್ನತೆಯ ಲಕ್ಷಣ ಹೆಚ್ಚಾಗಿತ್ತು. ಕೆಲವರಿಗೆ ಆರಂಭದಲ್ಲಿಲ್ಲದೆ ತಡವಾಗಿ ಏರಿತ್ತು. ಇಂಗ್ಲೆಂಡಿನ ಏವನ್ ಪ್ರಾಂತದ ತಾಯಂದಿರ ಕುರಿತು 2018ರಲ್ಲಿ ಪ್ರಕಟವಾದ ಅಧ್ಯಯನವು, ತೀವ್ರವಾಗಿ ತಿಂಗಳುಗಟ್ಟಲೆ ನಿಂತ ಖಿನ್ನತೆಯ ಲಕ್ಷಣಗಳು ಹನ್ನೊಂದು ವರ್ಷಗಳ ತರುವಾಯವೂ ಕಂಡುಬಂದುದನ್ನು ತಿಳಿಸಿತು. ಅಂಥ ತಾಯಂದಿರ ಮಕ್ಕಳಲ್ಲಿ ನಡವಳಿಕೆಯ ತೊಡಕೂ ಅಧಿಕವಾಗಿತ್ತು.

ಮಗುವಿಗೆ ನಾಲ್ಕು ವರ್ಷವಾದ ಮೇಲೂ ಇದನ್ನು ಹೆರಿಗೆಯ ಖಿನ್ನತೆ ಎನ್ನಬೇಕೋ ಬರಿಯ ಖಿನ್ನತೆ ಎನ್ನಬೇಕೋ ಎಂಬುದನ್ನು ವೈದ್ಯರು ನಿರ್ಧರಿಸಲಿ. ಮನೆಯವರಿಗೆ ಬೇಕಾದುದು ಗುರುತು. ನಿದ್ದೆಗೆಟ್ಟ ಸೊಸೆಯನ್ನು ಸೋಮಾರಿಯೆಂದೂ, ಸಿಡುಕುವವಳನ್ನು ಗಯ್ಯಾಳಿಯೆಂದೂ, ಮಗುವನ್ನು ಎತ್ತಿಕೊಳ್ಳದವಳನ್ನು ಕಲ್ಲೆದೆಯವಳೆಂದೂ ಕರೆಯುವುದನ್ನು ನಾವು ಕೇಳಿದ್ದೇವೆ. 'ನಿನಗೇನು ಕಡಿಮೆಯಾಗಿದೆ?' ಎಂಬ ಪ್ರಶ್ನೆಯಂತೂ ಔಷಧವಲ್ಲ. ಅವಳಿಗೆ ಮಗುವಿನ ಮೇಲೆ ಮಮತೆಯಿಲ್ಲವೆಂದಲ್ಲ. ಅದನ್ನು ತೋರುವ ಶಕ್ತಿಯನ್ನು ಬೇನೆ ಕಸಿದಿರುತ್ತದೆ.

ವರ್ಷಗಳು ಕಳೆದಿವೆಯೆಂದು ಚಿಕಿತ್ಸೆ ವ್ಯರ್ಥವಾಗದು. ರಕ್ತಹೀನತೆಯೂ ಥೈರಾಯ್ಡ್ ದೋಷವೂ ಇದೇ ಬಗೆಯ ದಣಿವನ್ನು ತರುವುದರಿಂದ ಮೊದಲು ರಕ್ತಪರೀಕ್ಷೆಯಾಗಲಿ. ಬಳಿಕ ಆಪ್ತಸಮಾಲೋಚನೆ, ಬೇಕಾದರೆ ಮಾತ್ರೆ. ಮೊಲೆಯೂಡಿಸುವವರಿಗೂ ಕೊಡಬಹುದಾದವು ಇವೆ. ಜಿಲ್ಲಾಸ್ಪತ್ರೆಯ ಮನೋವೈದ್ಯರಲ್ಲಿಗೆ ಪತಿಯೇ ಜೊತೆಗೆ ಹೋಗುವುದು ಲೇಸು. ಸಾಯುವ ಮಾತು ಬಾಯಲ್ಲಿ ಬಂದರೆ ಒಂದು ಗಳಿಗೆಯೂ ಅವಳನ್ನು ಒಂಟಿಯಾಗಿ ಬಿಡದೆ ಆಸ್ಪತ್ರೆಗೆ ಕರೆದೊಯ್ಯಬೇಕು. ಕೇಂದ್ರ ಸರ್ಕಾರವು 2022ರಲ್ಲಿ ಆರಂಭಿಸಿದ ಟೆಲಿ ಮಾನಸ್ ಸೇವೆಯ ಸಂಖ್ಯೆ 14416. ಕನ್ನಡದಲ್ಲಿಯೇ ಮಾತನಾಡಬಹುದು, ಶುಲ್ಕವಿಲ್ಲ.