ಗಾಜಿನ ತೊಟ್ಟಿಯ ಹವಳಕ್ಕೆ ಆಹಾರವೆಷ್ಟು?

ಕ್ಯಾಲಿಫೋರ್ನಿಯದಲ್ಲಿರುವ ಮಗನ ಮನೆಗೆ ಹೋಗಿ ಬಂದ ವಾಚಕ ಸೋದರಿಯೊಬ್ಬರು ಈ ತಿಂಗಳು ನಮಗೊಂದು ಪ್ರಶ್ನೆಯನ್ನು ಕಳುಹಿಸಿರುತ್ತಾರೆ. ಮಗನು ಗಾಜಿನ ತೊಟ್ಟಿಯಲ್ಲಿ ಉಪ್ಪುನೀರನ್ನು ತುಂಬಿ ಸಜೀವವಾದ ಹವಳಗಳನ್ನು ಸಾಕಿದ್ದಾನೆ. ನೀರು ಸ್ಫಟಿಕದಂತೆ ತಿಳಿಯಾಗಿದೆ. ಪರೀಕ್ಷಿಸಿದರೆ ನೈಟ್ರೇಟು ಸೊನ್ನೆ, ಫಾಸ್ಫೇಟು ಸೊನ್ನೆ. ಹೀಗಿದ್ದರೂ ಹವಳಗಳು ದಿನೇ ದಿನೇ ಬಿಳಿಚಿಕೊಳ್ಳುತ್ತಿರುವುದೇಕೆ ಎಂಬುದು ಅವರ ಪ್ರಶ್ನೆ.

ನಮ್ಮ ದೇಶದಲ್ಲಿ ಕಲ್ಲುಹವಳಗಳು 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೊದಲನೆಯ ಅನುಸೂಚಿಗೆ 2001ರಲ್ಲಿ ಸೇರಿದವು. ಮುರುಡೇಶ್ವರದ ಎದುರಿನ ನೇತ್ರಾಣಿ ದ್ವೀಪದ ಹವಳವನ್ನು ಯಾರೂ ಕಿತ್ತು ತರುವಂತಿಲ್ಲ. ಹೊರದೇಶಗಳಲ್ಲಿಯಾದರೋ ತೊಟ್ಟಿಯಲ್ಲಿಯೇ ಬೆಳೆಸಿದ ಹವಳದ ತುಂಡುಗಳು ಮಾರಾಟಕ್ಕೆ ದೊರೆಯುತ್ತವೆ. ತಂದು ಸಾಕಿದ ಮೇಲೆ ಅದರ ಪ್ರಾಣವು ಸಾಕಿದವನ ಹೊಣೆಯಷ್ಟೆ.

ಹವಳವು ಗಿಡದಂತೆ ಕಂಡರೂ ಪ್ರಾಣಿ. ಅದರ ಮೈಯೊಳಗೆ ಕಣ್ಣಿಗೆ ಕಾಣದಷ್ಟು ಸಣ್ಣ ಪಾಚಿಗಳು ವಾಸಿಸುತ್ತವೆ. ಇವು ಬೆಳಕಿನ ಬಲದಿಂದ ಸಕ್ಕರೆಯನ್ನು ತಯಾರಿಸಿ ಒಡೆಯನಿಗೆ ಕೊಡುತ್ತವೆ. ಪ್ರತಿಯಾಗಿ ಅವನು ವಿಸರ್ಜಿಸಿದ ಸಾರಜನಕವನ್ನೂ ರಂಜಕವನ್ನೂ ಪಡೆಯುತ್ತವೆ. ಹವಳದ ಕಂದುಬಣ್ಣವು ಬಹುಮಟ್ಟಿಗೆ ಈ ಪಾಚಿಯದೇ. ಪಾಚಿಗೆ ಪೋಷಣೆ ತಪ್ಪಿದರೆ ಅದು ಕ್ಷೀಣಿಸುತ್ತದೆ, ಹವಳವು ಬಿಳಿಚುತ್ತದೆ. ಆದುದರಿಂದ ಸೋದರಿಯವರ ಪ್ರಶ್ನೆಗೆ ನಮ್ಮ ಉತ್ತರವಿದು: ಬೆಳಕು, ಶಾಖ, ಉಪ್ಪಿನ ಪ್ರಮಾಣ ಇವು ಸರಿಯಾಗಿದ್ದರೆ ಆ ಜೀವಿಯು ಬಹುಶಃ ಹಸಿದಿದೆ.

ನೈಟ್ರೇಟು, ಫಾಸ್ಫೇಟುಗಳನ್ನು ಕೇವಲ ಕೊಳೆಯೆಂದು ಭಾವಿಸುವುದರಿಂದ ಈ ತೊಂದರೆ ಬರುತ್ತದೆ. ಮೀನಿಗೆ ಹಾಕಿದ ಆಹಾರದ ಶೇಷವೂ ಮೀನಿನ ಮಲವೂ ಕೊಳೆತು ಅಮೋನಿಯವಾಗುತ್ತದೆ. ಕಲ್ಲು ಮರಳುಗಳಲ್ಲಿರುವ ಸೂಕ್ಷ್ಮಜೀವಿಗಳು ಅದನ್ನು ಮೊದಲು ನೈಟ್ರೈಟಾಗಿಯೂ ಅನಂತರ ನೈಟ್ರೇಟಾಗಿಯೂ ಮಾರ್ಪಡಿಸುತ್ತವೆ. ಆಮ್ಲಜನಕ ಸುಳಿಯದ ಕಲ್ಲಿನ ಒಳಭಾಗದಲ್ಲಿ ಬೇರೆ ಜಾತಿಯ ಸೂಕ್ಷ್ಮಜೀವಿಗಳು ನೈಟ್ರೇಟನ್ನು ಒಡೆದು ಸಾರಜನಕ ವಾಯುವಾಗಿ ಹೊರಗೆ ಬಿಡುತ್ತವೆ. ಫಾಸ್ಫೇಟಿಗೆ ಹೀಗೆ ವಾಯುವಾಗಿ ಹೊರಡುವ ದಾರಿಯಿಲ್ಲ. ಅದು ಕಲ್ಲಿಗೆ ಅಂಟಿಕೊಂಡು, ನೀರಿನಲ್ಲಿ ಕಡಿಮೆಯಾದಾಗ ಮತ್ತೆ ನೀರಿಗಿಳಿಯುತ್ತದೆ.

ಇವೆರಡೂ ಮಿತಿಮೀರಿದರೆ ಕೂದಲಿನಂಥ ಹಸಿರು ಪಾಚಿಯು ಬೆಳೆದು ಹವಳವನ್ನು ಮುಚ್ಚುತ್ತದೆ. ಫಾಸ್ಫೇಟಿನ ಆಧಿಕ್ಯವು ಹವಳದ ಸುಣ್ಣದ ಅಸ್ಥಿ ಬೆಳೆಯುವುದಕ್ಕೂ ಅಡ್ಡಿ. ಆದರೆ ಕೊರತೆಯೂ ಕೇಡೇ. ನೈಟ್ರೇಟು ಹೆಚ್ಚಿದ್ದು ಫಾಸ್ಫೇಟಿಗೆ ಬರಗಾಲ ಬಂದರೆ, ಶಾಖ ಮತ್ತು ಪ್ರಖರವಾದ ಬೆಳಕಿಗೆ ಹವಳವು ಬೇಗ ಬಿಳಿಚುವುದೆಂದು ಇಂಗ್ಲೆಂಡಿನ ಸೌತಾಂಪ್ಟನ್ನಿನ ವಿದ್ವಾಂಸರು 2013ರಲ್ಲಿ ತೋರಿಸಿದರು. ಹವಾಯಿ ದ್ವೀಪಗಳ ವೈಕೀಕೀ ಮತ್ಸ್ಯಾಲಯದಲ್ಲಿ ಉಪ್ಪುನೀರಿನ ಬಾವಿಯೊಂದುಂಟು. ಅದರ ನೀರಿನಲ್ಲಿ ಈ ದ್ರವ್ಯಗಳು ಹವಳದ ದಿಬ್ಬದ ಸಮುದ್ರಜಲಕ್ಕಿಂತ ಅಧಿಕವಾಗಿದ್ದರೂ ಅಲ್ಲಿ ಹವಳಗಳು ಚೆನ್ನಾಗಿ ಬೆಳೆದುದನ್ನು 1995ರಲ್ಲಿ ಪ್ರಕಟಿಸಿದರು.

ಸಮುದ್ರದಲ್ಲಿ ಈ ದ್ರವ್ಯಗಳು ಅತ್ಯಲ್ಪವಲ್ಲವೇ ಎಂದು ಕೆಲವರು ಕೇಳಬಹುದು. ನಿಜ, ಆದರೆ ಅಲ್ಲಿ ಪ್ರವಾಹವು ಹಗಲಿರುಳು ಸೂಕ್ಷ್ಮ ಪ್ರಾಣಿಗಳನ್ನು ಹವಳದ ಬಾಯಿಗೆ ತಂದೊಪ್ಪಿಸುತ್ತದೆ. ತೊಟ್ಟಿಯಲ್ಲಿ ಆ ಭಾಗ್ಯವಿಲ್ಲ. ಆದಕಾರಣ ಲೀಟರಿಗೆ ನೈಟ್ರೇಟು 5ರಿಂದ 10 ಮಿಲಿಗ್ರಾಂ, ಫಾಸ್ಫೇಟು 0.03ರಿಂದ 0.1 ಮಿಲಿಗ್ರಾಂ ಇರುವಂತೆ ನೋಡಿಕೊಳ್ಳುವುದು ಸಾಕುವವರಲ್ಲಿ ಸಾಮಾನ್ಯವಾದ ರೂಢಿ.

ಸೊನ್ನೆಯಲ್ಲಿಯೂ ಎರಡು ಬಗೆಯುಂಟು. ಕಲ್ಲುಗಳು ಬೋಳಾಗಿದ್ದು ಹವಳವು ಬಿಳಿಚಿದ್ದರೆ ಅದು ನಿಜವಾದ ಬರಗಾಲ. ಕಲ್ಲಿನ ತುಂಬ ಹಸಿರು ಪಾಚಿಯಿದ್ದೂ ಪರೀಕ್ಷೆಯಲ್ಲಿ ಸೊನ್ನೆ ಕಂಡರೆ, ಪಾಚಿಯೇ ಎಲ್ಲವನ್ನೂ ಉಂಡಿದೆಯೆಂದು ತಿಳಿಯತಕ್ಕದ್ದು. ಎರಡನೆಯದರಲ್ಲಿ ಪಾಚಿಯನ್ನು ಕೈಯಿಂದ ಕಿತ್ತು ಹೊರಹಾಕಬೇಕು. ಮೊದಲನೆಯದರಲ್ಲಿ ಮೀನಿನ ಆಹಾರವನ್ನು ತುಸು ಹೆಚ್ಚಿಸಿ, ನೊರೆ ತೆಗೆಯುವ ಯಂತ್ರವನ್ನು ದಿನಕ್ಕೆ ಕೆಲವು ಗಂಟೆ ನಿಲ್ಲಿಸಬಹುದು. ಬೇಳೆ ಬೇಯುವಾಗ ಮೇಲೆದ್ದ ನೊರೆಯನ್ನು ಗೃಹಿಣಿಯು ಸೌಟಿನಿಂದ ತೆಗೆಯುವಂತೆ ಈ ಯಂತ್ರವು ನೀರಿನ ಕಲ್ಮಷವನ್ನು ಗಾಳಿಗುಳ್ಳೆಗಳಿಂದ ತೆಗೆಯುತ್ತದೆ. ಅದು ಅತಿಯಾದಲ್ಲಿ ಊಟವೂ ಹೊರಟುಹೋಗುತ್ತದೆ. ಫಾಸ್ಫೇಟನ್ನು ಹೀರುವ ಕಬ್ಬಿಣದ ಹರಳುಗಳನ್ನು ಬಳಸುತ್ತಿದ್ದರೆ ಕೂಡಲೆ ತೆಗೆದಿಡತಕ್ಕದ್ದು.

ಆಧಿಕ್ಯವಿರುವ ತೊಟ್ಟಿಯವರು ನೀರು ಬದಲಾಯಿಸುವುದೊಂದನ್ನೇ ನಂಬಬಾರದು. ಲೆಕ್ಕವನ್ನು ನೋಡಿರಿ: ನೈಟ್ರೇಟು 50 ಮಿಲಿಗ್ರಾಂ ಇರುವಾಗ ಐದರಲ್ಲೊಂದು ಪಾಲು ನೀರನ್ನು ಬದಲಿಸಿದರೆ 40 ಉಳಿಯುವುದು, ಎರಡನೆಯ ಸಲಕ್ಕೆ 32, ಮೂರನೆಯ ಸಲಕ್ಕೆ 25.6. ಅದೂ ನಡುವೆ ಹೊಸದಾಗಿ ಸೇರದಿದ್ದರೆ ಮಾತ್ರ. ಆಹಾರವನ್ನು ಮೀನುಗಳು ಕೆಲವು ನಿಮಿಷಗಳಲ್ಲಿ ತಿಂದು ಮುಗಿಸುವಷ್ಟೇ ಹಾಕಬೇಕು. ಆವಿಯಾದ ನೀರಿಗೆ ಬದಲಾಗಿ ನಲ್ಲಿಯ ನೀರನ್ನಲ್ಲ, ಶೋಧಿಸಿದ ನೀರನ್ನು ಸೇರಿಸಬೇಕು. ಪಕ್ಕದ ತೊಟ್ಟಿಯಲ್ಲಿ ಕಡಲಪಾಚಿಯನ್ನು ಬೆಳೆಸಿ ಆಗಾಗ್ಗೆ ಕತ್ತರಿಸಿ ಎಸೆಯುವುದೂ ಒಳ್ಳೆಯ ಉಪಾಯ.

ಯಾವ ಉಪಾಯವನ್ನಾದರೂ ನಿಧಾನವಾಗಿ ಮಾಡಬೇಕು. ಅಧಿಕವಾಗಿದ್ದುದನ್ನು ಒಂದೇ ದಿನದಲ್ಲಿ ಇಳಿಸಿದರೆ, ಅದಕ್ಕೆ ಹೊಂದಿಕೊಂಡಿದ್ದ ಹವಳವು ತಡೆಯಲಾರದು. ವಾರಕ್ಕೊಮ್ಮೆ ಅದೇ ಹೊತ್ತಿನಲ್ಲಿ ಪರೀಕ್ಷಿಸಿ, ಅಂಕಿಗಳನ್ನೂ ಹಾಕಿದ ಆಹಾರವನ್ನೂ ಪುಸ್ತಕದಲ್ಲಿ ಬರೆದಿಡಿರಿ. ಒಂದು ಸಲಕ್ಕೆ ಒಂದೇ ಮಾರ್ಪಾಡು. ಅದರ ಫಲವನ್ನು ಎರಡು ವಾರ ಕಾದು ನೋಡಿ ಮುಂದಿನದು. ಬಿಳಿಚಿದ ಹವಳವೆಲ್ಲ ಸತ್ತ ಹವಳವಲ್ಲ. ಅಸ್ಥಿಯ ಮೇಲೆ ತೆಳುವಾದ ಮಾಂಸದ ಪೊರೆಯು ಇನ್ನೂ ಇದ್ದರೆ, ಪೋಷಣೆಯು ದೊರೆತಲ್ಲಿ ವಾರಗಳು, ಒಮ್ಮೊಮ್ಮೆ ತಿಂಗಳುಗಳು ಕಳೆದಮೇಲೆ ಬಣ್ಣವು ಮರಳುವುದುಂಟು.