ಮೂಕಪ್ರಾಣಿಗಳ ಸೇವೆಯೂ ಮುಯ್ಯಾಳು ಪದ್ಧತಿಯೂ

ಪ್ರಾಣಿದಯೆಯನ್ನು ಕುರಿತು ನಮ್ಮ ಜನಕ್ಕೆ ಹೊಸದಾಗಿ ಹೇಳಿಕೊಡಬೇಕಾದುದು ಬಹಳವಿಲ್ಲ. ಕಾರಹುಣ್ಣಿವೆಗೆ ಎತ್ತುಗಳ ಮೈತೊಳೆದು ಕೋಡಿಗೆ ಬಣ್ಣ ಬಳಿಯುವವರೂ, ಮಣ್ಣೆತ್ತಿನ ಅಮವಾಸ್ಯೆಗೆ ಮಣ್ಣಿನ ಎತ್ತುಗಳಿಗೂ ನೈವೇದ್ಯ ತೋರಿಸುವವರೂ, ತಾವು ಉಣ್ಣುವ ಮೊದಲು ದನಕ್ಕೆ ಮೇವು ಬಿತ್ತೋ ಇಲ್ಲವೋ ಎಂದು ನೋಡುವವರೂ ಆದ ನಮ್ಮ ಹಿರೇಬೆಂಡಿಗೇರಿಯಂಥ ಊರುಗಳ ಒಕ್ಕಲುಮಕ್ಕಳಿಗೆ ದಯೆಯ ಪಾಠವನ್ನು ಪಟ್ಟಣದವರು ಬಂದು ಹೇಳಬೇಕಾಗಿಲ್ಲ. ಹಾಗಿದ್ದೂ ಶಿಗ್ಗಾಂವಿಯ ಹೆದ್ದಾರಿಯಲ್ಲಿ ಲಾರಿಗೆ ಸಿಕ್ಕು ಕಾಲು ಮುರಿದುಕೊಂಡ ಕರುವೊಂದು ಬಿದ್ದಿದ್ದರೆ ಹತ್ತು ಜನ ಸುತ್ತ ನಿಂತು 'ಪಾಪ' ಎನ್ನುತ್ತಾರೆ. ಹನ್ನೊಂದನೆಯವನು ಬಂದು ಅವನೂ 'ಪಾಪ' ಎನ್ನುತ್ತಾನೆ. ಕರು ಮಾತ್ರ ಬಿದ್ದಲ್ಲಿಯೇ ಇರುತ್ತದೆ. ಇದಕ್ಕೆ ಜನರ ಕಲ್ಲೆದೆ ಕಾರಣವೆನ್ನಲಾಗದು. ಯಾರನ್ನು ಕರೆಯಬೇಕು, ಯಾವ ಗಾಡಿಯಲ್ಲಿ ಒಯ್ಯಬೇಕು, ಎಲ್ಲಿ ಇಳಿಸಬೇಕು, ಔಷಧದ ದುಡ್ಡನ್ನು ಯಾರು ಕೊಡಬೇಕು ಎಂಬ ನಾಲ್ಕು ಪ್ರಶ್ನೆಗಳಿಗೆ ಆ ಹನ್ನೊಂದು ಜನರಲ್ಲಿ ಒಬ್ಬರಿಗೂ ಉತ್ತರ ತಿಳಿದಿರುವುದಿಲ್ಲ.

ಆದುದರಿಂದ ಪ್ರಾಣಿಸೇವೆಗೆಂದು ಸಂಘವೊಂದನ್ನು ಕಟ್ಟಬೇಕೆನ್ನುವ ತರುಣರು, ಕಟ್ಟಡ ಮತ್ತು ನಿಧಿಗಳ ಚಿಂತೆಯನ್ನು ಬದಿಗಿಟ್ಟು, ಮೊದಲು ಜನರ ಪರಿಚಯವನ್ನು ಸಂಪಾದಿಸಬೇಕೆಂಬುದು ನನ್ನ ಅಭಿಪ್ರಾಯ. ಪರಿಚಯವೆಂದೊಡನೆ ನಮ್ಮ ಭಾಗದಲ್ಲಿ 'ವಶೀಲಿ' ಎಂಬ ಮಾತು ನೆನಪಿಗೆ ಬರುತ್ತದೆ. ಮೂಗು ಮುರಿಯುವವರೂ ಉಂಟು. ಆದರೆ ವಶೀಲಿ ಬೇರೆ, ಬಳಕೆ ಬೇರೆ. ಒಬ್ಬನಿಗೆ ಸಲ್ಲಬೇಕಾದುದನ್ನು ಇನ್ನೊಬ್ಬನಿಗೆ ಕೊಡಿಸುವುದು ವಶೀಲಿ. ನಮ್ಮ ಹಿರಿಯರ ಮುಯ್ಯಾಳು ಪದ್ಧತಿಯನ್ನು ನೆನೆಯಿರಿ. ಇಂದು ನಿನ್ನ ಹೊಲದ ಕಳೆಗೆ ನಾನು ಬಂದರೆ ನಾಳೆ ನನ್ನ ಹೊಲಕ್ಕೆ ನೀನು ಬರತಕ್ಕದ್ದು. ಹಣದ ಮಾತಿಲ್ಲ, ಬರವಣಿಗೆಯ ಕರಾರಿಲ್ಲ. ಪ್ರಾಣಿಸೇವೆಯ ಸಂಘಕ್ಕೆ ಬೇಕಾದ ಬಳಗವು ಈ ಬಗೆಯದು.

2022ರಲ್ಲಿ ಚರ್ಮಗಂಟು ರೋಗವು ನಮ್ಮ ಹಾವೇರಿ ಜಿಲ್ಲೆಯನ್ನು ಹೊಕ್ಕಾಗ ಇದರ ಬೆಲೆಯನ್ನು ನಾನು ಕಣ್ಣಾರೆ ಕಂಡೆನು. ಕಚ್ಚುವ ನೊಣ, ಸೊಳ್ಳೆ, ಉಣ್ಣೆಗಳ ಮೂಲಕ ಹಬ್ಬುವ ಈ ರೋಗದಲ್ಲಿ ದನದ ಮೈತುಂಬ ಗಂಟುಗಳೆದ್ದು, ಜ್ವರ ಬಂದು, ಮೇವು ಬಿಟ್ಟು ಅದು ಸೊರಗುತ್ತದೆ. ಮೇಕೆಗಳ ಸಿಡುಬಿಗೆ ಸಿದ್ಧಪಡಿಸಿದ ಲಸಿಕೆಯನ್ನೇ ದನಗಳಿಗೂ ಹಾಕಿ ಇದನ್ನು ತಡೆಯಲಾಯಿತು. ನಮ್ಮ ಓಣಿಯಲ್ಲಿ ಎರಡು ಮನೆಗಳ ಎತ್ತುಗಳು ಒಂದೇ ವಾರದಲ್ಲಿ ಬೇನೆ ಬಿದ್ದವು. ಒಂದು ಮನೆಯ ಹುಡುಗನು ಹಾಲಿನ ಡೇರಿಗೆ ಹಾಲು ಹಾಕುವವನಾದುದರಿಂದ ಡೇರಿಯ ಕಾರ್ಯದರ್ಶಿಗೆ ಹೇಳಿದನು. ಕಾರ್ಯದರ್ಶಿ ಪಶುವೈದ್ಯರಿಗೆ ಹೇಳಿದರು. ಸಂಜೆಯೊಳಗೆ ಚಿಕಿತ್ಸೆ ಆರಂಭವಾಯಿತು. ಇನ್ನೊಂದು ಮನೆಯ ಮುದುಕನಿಗೆ ಹಾಗೆ ಹೇಳಿಕೊಳ್ಳಲು ಯಾರೂ ಇರಲಿಲ್ಲ. ನಾಲ್ಕು ದಿನ ಬೇವಿನ ಸೊಪ್ಪು, ಅರಿಷಿಣ ಹಚ್ಚುತ್ತ ಕುಳಿತನು. ಐದನೆಯ ದಿನ ಎತ್ತು ಹೋಯಿತು. ಒಂಟಿ ಎತ್ತಿನಿಂದ ಹೊಲವನ್ನು ಹರಗುವುದೆಂತು? ಆ ವರುಷ ಅವನು ಹೊಲವನ್ನು ಲಾವಣಿಗೆ ಕೊಟ್ಟನು. ಎರಡು ಮನೆಗಳಿಗೂ ಅಂತರ ಇಪ್ಪತ್ತು ಹೆಜ್ಜೆ. ರೋಗ ಒಂದೇ, ಸರಕಾರ ಒಂದೇ, ಬಳಕೆಯೊಂದೇ ಬೇರೆಯಾಗಿತ್ತು.

ಇತಿಹಾಸವೂ ಇದನ್ನೇ ಹೇಳುತ್ತದೆ. ಪ್ರಾಣಿಹಿಂಸೆಯನ್ನು ತಡೆಯುವ ಸಂಘವು 1824ರಲ್ಲಿ ಲಂಡನ್ ನಗರದ ಕಾಫಿ ಅಂಗಡಿಯೊಂದರಲ್ಲಿ ಹುಟ್ಟಿತು. ಅದನ್ನು ಕಟ್ಟಿದ ಪಾದ್ರಿ ಆರ್ಥರ್ ಬ್ರೂಮ್ ಎಂಬವರು ಸಂಘದ ಸಾಲಕ್ಕಾಗಿ 1826ರಲ್ಲಿ ಸೆರೆಮನೆಯನ್ನೂ ಕಂಡರು. ರಿಚರ್ಡ್ ಮಾರ್ಟಿನ್, ಲೂಯಿಸ್ ಗೊಂಪರ್ಟ್ಸ್ ಮೊದಲಾದ ಗೆಳೆಯರು ಹಣ ಕೂಡಿಸಿ ಸಾಲ ತೀರಿಸದಿದ್ದರೆ ಸಂಘದ ಕಥೆ ಅಲ್ಲಿಗೇ ಮುಗಿಯುತ್ತಿತ್ತು. ನಮ್ಮ ದೇಶದಲ್ಲಿ ಶ್ರೀಮತಿ ರುಕ್ಮಿಣೀದೇವಿ ಅರುಂಡೇಲರು ಕಲಾಕ್ಷೇತ್ರವನ್ನು ಕಟ್ಟಿ ಹೆಸರಾದವರು. 1952ರಲ್ಲಿ ರಾಜ್ಯಸಭೆಗೆ ನಾಮಕರಣಗೊಂಡ ಮೇಲೆ ಅವರು ಪ್ರಾಣಿಹಿಂಸೆಯನ್ನು ತಡೆಯುವ ಮಸೂದೆಯನ್ನು ತಾವಾಗಿಯೇ ಮಂಡಿಸಿದರು. ಸರಕಾರವೇ ಕಾಯದೆ ತರುವುದೆಂದು ಪಂಡಿತ ನೆಹರೂ ಅವರು ಭರವಸೆ ಕೊಟ್ಟಾಗ ಹಟ ಹಿಡಿಯದೆ ಅದನ್ನು ಹಿಂತೆಗೆದುಕೊಂಡರು. 1960ರಲ್ಲಿ ಕಾಯದೆ ಬಂದಿತು. 1962ರಲ್ಲಿ ಪ್ರಾಣಿಕಲ್ಯಾಣ ಮಂಡಳಿಯು ಅವರ ಅಧ್ಯಕ್ಷತೆಯಲ್ಲಿಯೇ ಸ್ಥಾಪನೆಯಾಯಿತು. ಕ್ರಿಸ್ಟಲ್ ರೋಜರ್ಸ್ ಎಂಬ ಆಂಗ್ಲ ಮಹಿಳೆ 1980ರಲ್ಲಿ ಜಯಪುರದಲ್ಲಿ ಒಂದು ಪ್ರಾಣಿಸೇವಾಸಂಸ್ಥೆಯನ್ನು ಕಟ್ಟಿದರು. ಎಂಬತ್ತು ದಾಟಿದ ವಯಸ್ಸಿನಲ್ಲಿ ಬೆಂಗಳೂರಿಗೆ ಬಂದು 1991ರಲ್ಲಿ 'ಕ್ಯೂಪಾ' ಸಂಸ್ಥೆಯನ್ನು ಆರಂಭಿಸಿದರು. ಅವರು ತೀರಿಕೊಂಡ ಮೇಲೂ ಸಂಸ್ಥೆ ಬಾಳಿತು; ಏಕೆಂದರೆ ಕೆಲಸವನ್ನು ಕೈಗೆತ್ತಿಕೊಳ್ಳುವ ಜನ ಅವರ ಸುತ್ತ ಸೇರಿದ್ದರು. ಇಷ್ಟು ದೂರ ಹೋಗುವುದೇಕೆ? ಗದಗಿನ ಹತ್ತಿರದ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ಧನಗೌಡ ಪಾಟೀಲರು ಸಹಕಾರಿ ಸಂಘವನ್ನು ಹುಟ್ಟುಹಾಕಿದಾಗ ಅವರಿಗಿದ್ದ ದೊಡ್ಡ ಬಂಡವಾಳವೆಂದರೆ ಊರವರ ನಂಬಿಗೆಯೇ.

ಹಾಗಾದರೆ ನಮ್ಮ ತಾಲೂಕಿನ ತರುಣರು ಯಾರ ಬಳಕೆಯನ್ನು ಮಾಡಿಕೊಳ್ಳಬೇಕು? ಒಂದು ನೋಟುಬುಕ್ಕು ಸಾಕು. ಅದರಲ್ಲಿ ಮೊದಲು ಪಶುವೈದ್ಯರ ಮತ್ತು ಅವರ ಸಹಾಯಕರ ಹೆಸರಿರಲಿ. ಅನಂತರ ಡೇರಿಯ ಕಾರ್ಯದರ್ಶಿ, ಪಂಚಾಯತಿಯ ಅಧಿಕಾರಿ, ಠಾಣೆಯ ಪೋಲೀಸರು, ಔಷಧದ ಅಂಗಡಿಯವರು, ರಾತ್ರಿ ಹೊತ್ತಿನಲ್ಲಿಯೂ ಗಾಡಿ ಹೊರಡಿಸಬಲ್ಲ ಟೆಂಪೋ ಚಾಲಕ, ಬಣವೆಯಲ್ಲಿ ಹೆಚ್ಚಿನ ಮೇವುಳ್ಳ ರೈತ, ದನದ ಸಂತೆಯ ದಲಾಲಿ, ಕುರಿಗಾರರ ಹಿರಿಯ. ಬಂಕಾಪುರದ ಕೋಟೆಯಲ್ಲಿ 1919ರಿಂದ ಖಿಲಾರಿ ದನಗಳ ತಳಿ ಬೆಳೆಸುತ್ತಿದ್ದಾರೆ. ಅದೇ ಕೋಟೆ 2006ರಲ್ಲಿ ನವಿಲುಧಾಮವಾಯಿತು. ಗಾಯಗೊಂಡ ನವಿಲು ಸಿಕ್ಕರೆ ಅದನ್ನು ಮನೆಗೆ ತರದೆ ಅರಣ್ಯ ಇಲಾಖೆಗೆ ಒಪ್ಪಿಸಬೇಕಾದುದರಿಂದ ಅಲ್ಲಿಯ ಕಾವಲುಗಾರನ ಪರಿಚಯವೂ ಬೇಕು. ಕಷ್ಟದ ರೋಗಗಳಿಗೆ ಗದಗಿನ ಪಶುವೈದ್ಯ ಮಹಾವಿದ್ಯಾಲಯವಿದೆ. ಹುಬ್ಬಳ್ಳಿ, ಬೆಂಗಳೂರುಗಳಲ್ಲಿ ನೌಕರಿ ಹಿಡಿದ ಊರಿನ ಮಕ್ಕಳ ಹೆಸರುಗಳು ಕಡೆಯ ಪುಟದಲ್ಲಿರಲಿ. ದುಡ್ಡಿನ ಪ್ರಶ್ನೆ ಬರುವುದು ಆಮೇಲೆ.

ಪರಿಚಯವನ್ನು ಸಂಪಾದಿಸುವುದಕ್ಕಿಂತ ಉಳಿಸಿಕೊಳ್ಳುವುದು ಕಷ್ಟ. ಇದಕ್ಕೆ ಮೂರು ನಿಯಮಗಳನ್ನು ಸೂಚಿಸುತ್ತೇನೆ. ಮೊದಲನೆಯದು, ಕೇಳುವ ಮೊದಲು ಕೊಡಬೇಕು. ಲಸಿಕೆಯ ದಿನ ಮನೆಮನೆಗೆ ಹೋಗಿ ದನಗಳನ್ನು ಹೊಡೆಯಿಸಿಕೊಂಡು ಬಂದು ಹಿಡಿದು ನಿಲ್ಲಿಸಿದ ಹುಡುಗರಿಗೆ ವೈದ್ಯರು ಮಧ್ಯರಾತ್ರಿ ಕರೆದರೂ ಇಲ್ಲವೆನ್ನುವುದಿಲ್ಲ. ಎರಡನೆಯದು, ಸಹಾಯ ಮಾಡಿದವರಿಗೆ ಫಲವನ್ನು ತಿಳಿಸಬೇಕು. ನೂರು ರೂಪಾಯಿ ಕೊಟ್ಟವನಿಗೆ ಕರು ಎದ್ದು ನಿಂತಿತೋ ಇಲ್ಲವೋ ತಿಳಿಯದಿದ್ದರೆ ಅವನು ಎರಡನೆಯ ಸಲ ಜೇಬಿಗೆ ಕೈ ಹಾಕಲಾರನು. ಸತ್ತಿದ್ದರೆ ಸತ್ತಿತೆಂದೇ ಹೇಳಬೇಕು, ಲೆಕ್ಕವನ್ನು ಗುಡಿಯ ಕಟ್ಟೆಯ ಮೇಲೆ ಓದಬೇಕು. ಮೂರನೆಯದು, ಒಬ್ಬ ದೊಡ್ಡವರನ್ನೇ ನೆಚ್ಚಬಾರದು. ಅಧಿಕಾರಿಗೆ ವರ್ಗವಾಗುತ್ತದೆ, ಮುಖಂಡನು ಚುನಾವಣೆಯಲ್ಲಿ ಸೋಲುತ್ತಾನೆ. ಒಂದೇ ಕಂಬದ ಚಪ್ಪರವು ಮೊದಲ ಗಾಳಿಗೇ ಬೀಳುತ್ತದೆ. ಬಳಗದಲ್ಲಿ ಎಲ್ಲ ಓಣಿಯವರೂ ಎಲ್ಲ ಪಕ್ಷದವರೂ ಇರಲಿ.

ಇಲ್ಲಿ ಹೋರಿ ಹಬ್ಬದ ಮಾತನ್ನು ಬಿಡುವಂತಿಲ್ಲ. ದೀಪಾವಳಿಯ ಕಾಲಕ್ಕೆ ಕೊಬ್ಬರಿಯ ಸರ ಕಟ್ಟಿದ ಹೋರಿಗಳನ್ನು ಓಡಿಸುವ ಆಟ ನಮ್ಮ ಜಿಲ್ಲೆಯ ಜೀವ. 2014ರಲ್ಲಿ ಸುಪ್ರೀಂ ಕೋರ್ಟು ಜಲ್ಲಿಕಟ್ಟು ಮೊದಲಾದುವನ್ನು ನಿಷೇಧಿಸಿತು. ಕಂಬಳ ಮತ್ತು ಎತ್ತಿನ ಓಟಗಳಿಗಾಗಿ ನಮ್ಮ ರಾಜ್ಯವು ಮಾಡಿದ ತಿದ್ದುಪಡಿಯನ್ನು 2023ರಲ್ಲಿ ಅದೇ ಕೋರ್ಟು ಎತ್ತಿಹಿಡಿಯಿತು. ಪ್ರಾಣಿದಯೆಯ ಸಂಘದವರು ಹೋರಿಯ ಒಡೆಯರನ್ನು ಕಟುಕರೆಂದು ಕರೆದರೆ ಊರಿನ ಅರ್ಧ ಬಾಗಿಲುಗಳು ಅಂದೇ ಮುಚ್ಚುತ್ತವೆ. ತನ್ನ ಮಕ್ಕಳಿಗಿಂತ ಹೆಚ್ಚಾಗಿ ಹೋರಿಗೆ ಹಿಂಡಿ, ಹುರುಳಿ ಇಕ್ಕುವವನು ನಮ್ಮ ಮೊದಲ ಮಿತ್ರನಾಗಬೇಕು. ಬೆದರಿದ ಹೋರಿಗೆ ಓಡಲು ಬಯಲಿರಲಿ, ಅಖಾಡದಲ್ಲಿ ವೈದ್ಯರಿರಲಿ, ಹೊಡೆತ ಬೇಡ ಎಂಬ ಮಾತನ್ನು ಅವನ ಬಾಯಿಂದಲೇ ಆಡಿಸಿದರೆ ಹತ್ತು ಭಾಷಣಗಳ ಕೆಲಸವಾದೀತು. 1960ರ ಕಾಯದೆಯು ಮೊದಲ ತಪ್ಪಿಗೆ ಗೊತ್ತುಪಡಿಸಿದ ದಂಡ 10ರಿಂದ 50 ರೂಪಾಯಿ. ಅಷ್ಟು ದಂಡಕ್ಕೆ ಅಂಜುವವರಿಗಿಂತ ನೆರೆಯವನ ಮಾತಿಗೆ ನಾಚುವವರೇ ಹೆಚ್ಚು.

ಸರಕಾರದ ಪಶುಚಿಕಿತ್ಸಾ ವಾಹನವೇ ಇರುವಾಗ, 1962 ಎಂಬ ಸಂಖ್ಯೆಗೆ ಕರೆ ಮಾಡಿದರೆ ಸಾಕಾಗಿರುವಾಗ, ಸಂಘವೇಕೆ ಎಂದು ಕೆಲವರು ಕೇಳಬಹುದು. ಆ ಸಂಖ್ಯೆಯನ್ನು ಆ ಮುದುಕನಿಗೆ ಯಾರು ಹೇಳಬೇಕು? ವಾಹನ ಬರುವವರೆಗೆ ಎತ್ತನ್ನು ನೆರಳಿಗೆ ಎಳೆಯುವವರಾರು? ಮನುಷ್ಯರೇ ಕಷ್ಟದಲ್ಲಿರುವಾಗ ದನದ ಚಿಂತೆ ಏಕೆಂದು ಇನ್ನು ಕೆಲವರೆನ್ನುವರು. ಎತ್ತು ಹೋದ ಮನೆಯಲ್ಲಿ ಒಂದು ದಿನ ಇದ್ದು ನೋಡಿದವರು ಹೀಗೆ ಕೇಳಲಾರರು.

ವಿದ್ಯಾರ್ಥಿ ಮಿತ್ರರೇ, ನಮ್ಮ ಕಾಲೇಜಿಗೆ ನೂರಾರು ಹಳ್ಳಿಗಳಿಂದಲ್ಲದಿದ್ದರೂ ಹತ್ತಾರು ಹಳ್ಳಿಗಳಿಂದ ನಾವು ಬರುತ್ತೇವೆ. ಕರ್ನಾಟಕದ 1960ರ ಸಂಘಗಳ ನೋಂದಣಿ ಕಾಯದೆಯಂತೆ ಸಂಘಕ್ಕೆ ಏಳು ಜನ ಸಾಕು. ಒಂದೊಂದು ತರಗತಿಯಲ್ಲಿ ಏಳಲ್ಲ, ಎಪ್ಪತ್ತು ಜನರಿದ್ದೇವೆ. ಪ್ರತಿಯೊಬ್ಬನೂ ತನ್ನ ಊರಿನ ಹತ್ತು ಹೆಸರುಗಳನ್ನು ಬರೆದು ತಂದರೆ ತಾಲೂಕಿನ ಮೂಕಪ್ರಾಣಿಗಳಿಗೆ ಏಳುನೂರು ಬಾಯಿಗಳು ದೊರೆಯುತ್ತವೆ. ಮುಂದಿನ ಮಳೆಗಾಲದ ರೋಗಗಳು ಬರುವ ಮೊದಲೇ ಆ ಪಟ್ಟಿ ಸಿದ್ಧವಾಗಲಿ.